ತಣ್ಣಗಿದ್ದ ಪೈಪಿನ ಬಡಿತ

ದೆವ್ವ, ಗಾಳಿ, ಸೋಂಕು ಎನ್ನುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಸಕ್ಕರೆ ಕಾರ್ಖಾನೆಯ ಸ್ಟೀಮ್ ಲೈನಿನಲ್ಲಿ ಕೆಲಸ ಕಲಿತವನು ನಾನು. ಪೈಪು ಬಡಿದುಕೊಂಡರೆ ಕಾರಣ ಇದ್ದೇ ಇರುತ್ತದೆ, ಹುಡುಕುವ ತಾಳ್ಮೆ ಬೇಕು, ಅಷ್ಟೆ. ಹೀಗೆನ್ನುತ್ತಿದ್ದವನಿಗೇ ಇದು ಆಯಿತು. ನೀವು ನಂಬಲೇಬೇಕೆಂದೇನೂ ಇಲ್ಲ.

ಕಂಪ್ಯೂಟರಿನವರ ವೈ-ಟು-ಕೆ ಗದ್ದಲದ ಕಾಲ. ನಾನು ಅಮೆರಿಕಕ್ಕೆ ಬಂದು ಬಾಯ್ಲರ್, ಪೈಪಿನ ಕೆಲಸ ಮಾಡಿಕೊಂಡಿದ್ದೆ. ನಾನಿದ್ದ ಎಡಿಸನ್ನಿನಲ್ಲಿ ನಮ್ಮ ಕಡೆಯ ಇಂಜಿನಿಯರುಗಳು ಒಬ್ಬರ ಹಿಂದೊಬ್ಬರು ಮನೆ ಕೊಳ್ಳುತ್ತಿದ್ದರು. ಮೈಸೂರಿನ ಶ್ರೀಧರ್ ಕೊಂಡದ್ದು ಹಳೆಯ ಮನೆ, ಉಗಿಯಿಂದ ಬೆಚ್ಚಗಾಗುವಂಥದ್ದು. ಫಾಲ್‌ನಲ್ಲಿ ಚಳಿ ಶುರುವಾಗುವ ಮೊದಲೇ ಅದಕ್ಕೆ ಹೊಸ ಬಾಯ್ಲರ್ ಕೂರಿಸಿ ಪೈಪು ಜೋಡಿಸಿದವನು ನಾನೇ. ಆಗ ಸದ್ದಿಲ್ಲದೆ ನಡೆಯಿತು. ಜನವರಿಯಲ್ಲಿ ಫೋನು ಬಂತು: ಬಾಯ್ಲರ್ ಹತ್ತಿಸಿದರೆ ಸುತ್ತಿಗೆಯಲ್ಲಿ ಹೊಡೆದ ಹಾಗೆ ಮನೆಯೆಲ್ಲ ಧಡ್ ಧಡ್ ಎನ್ನುತ್ತದೆ. ಶ್ರೀಧರನ ತಾಯಿಗೆ ಅದು ಆ ಮನೆಯಲ್ಲಿ ತೀರಿಹೋದ ಹಿಂದಿನ ಯಜಮಾನಿಯ ಕಾಟ. ಶ್ರೀಧರನಿಗೆ ನನ್ನ ಕೆಲಸದ ದೋಷ. ನನಗೆ ಹೇಳುವ ಮೊದಲೇ ದೇವಸ್ಥಾನದ ಊಟದ ಸಾಲಿನಲ್ಲಿ ಅದನ್ನು ಹೇಳಿ ಮುಗಿಸಿದ್ದ. ಆ ವಾರವೇ ಇಬ್ಬರು ಗಿರಾಕಿಗಳು ‘ಆಮೇಲೆ ನೋಡೋಣ’ ಎಂದರು. ನನಗಿದ್ದ ಆಸ್ತಿಯೆಂದರೆ ಹೆಸರೊಂದೇ.

ಹೋಗಿ ಬಾಯ್ಲರ್ ಹತ್ತಿಸಿ ನೋಡಿದೆ. ಉಗಿ ತಣಿದು ನೀರಾಗಿ ಇಳಿಜಾರಿನಲ್ಲಿ ವಾಪಸು ಹರಿಯಬೇಕು. ಪೈಪು ಎಲ್ಲಾದರೂ ಜೋತುಬಿದ್ದರೆ ನೀರು ಅಲ್ಲಿ ನಿಲ್ಲುತ್ತದೆ, ಹಿಂದೆ ಬರುವ ಉಗಿ ಅದನ್ನು ಎತ್ತಿ ಬಡಿಯುತ್ತದೆ. ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯಲ್ಲಿ ನೀರು ಕುಣಿಯುತ್ತಿರಲಿಲ್ಲ. ಅಂದರೆ ನಾನು ಹಾಕಿದ್ದು ಸರಿಯಿತ್ತು. ರಸಮಟ್ಟ ಇಟ್ಟು ಬೇಸ್‌ಮೆಂಟಿನ ಪೈಪಿನ ಇಳಿಜಾರು ನೋಡುತ್ತ ಹೋದೆ. ಈಶಾನ್ಯ ಮೂಲೆಯಲ್ಲಿ ನನ್ನ ಕೆಲಸ ಮುಗಿದ ಮೇಲೆ ಹೊಸದಾಗಿ ಎದ್ದಿದ್ದ ದೇವರ ಕೋಣೆಯ ಬಳಿ ಅದು ಪ್ಲೈವುಡ್ ಸೀಲಿಂಗಿನೊಳಗೆ ಮರೆಯಾಯಿತು.

‘ಇದನ್ನ ಬಿಚ್ಚಿ ನೋಡಬೇಕು.’

‘ಬೇಡಪ್ಪ’ ಎಂದರು ತಾಯಿ. ‘ಸ್ನಾನ ಇಲ್ಲ, ಮಡಿ ಇಲ್ಲ, ಎಲ್ಲೆಲ್ಲಿ ಕೈ ಹಾಕಿ ಬಂದಿದ್ದೀಯೋ.’

‘ಅಲ್ಲಿ ಪೈಪ್ ಟಚ್ ಮಾಡಿಲ್ಲ ಅಂಕಲ್’ ಎಂದ ಶ್ರೀಧರ್. ‘ದೇವರ ತಲೆ ಮೇಲೆ ಕಾಣಬಾರದು ಅಂತ ಕವರ್ ಮಾಡ್ಸಿದ್ವಿ, ಅಷ್ಟೇ. ನೀವು ಹಾಕಿದ್ದನ್ನೇ ಬಿಚ್ಚಿ ಮತ್ತೆ ಹಾಕಿ. ಬೇಸಿಕ್ ಇಂಜಿನಿಯರಿಂಗ್ ಅಲ್ವಾ?’

ಮೈಯೆಲ್ಲ ಉರಿಯಿತು. ಕಾಟ ಕಳೆಯಲು ಭಾನುವಾರಕ್ಕೆ ಹೋಮ ಗೊತ್ತುಮಾಡಿದ ಮನೆಯವನು ನನಗೆ ಇಂಜಿನಿಯರಿಂಗ್ ಹೇಳುತ್ತಾನೆ.

ಆದರೂ ಹೆಸರು ಉಳಿಸಿಕೊಳ್ಳಬೇಕಿತ್ತು, ಶನಿವಾರ ಬೆಳಿಗ್ಗೆ ಹೋದೆ. ಹಿಂದಿನ ಸಂಜೆಯೇ ಬಾಯ್ಲರ್ ಆರಿಸಲು ಹೇಳಿದ್ದೆ. ಪೈಪಿನ ಮೇಲೆ ಅಂಗೈ ಇಟ್ಟೆ, ಮಂಜುಗಡ್ಡೆ. ಕಿಟಕಿಯಲ್ಲಿ ಶ್ರೀಧರ್ ಸ್ನೋ ಎತ್ತುವುದು ಕಾಣುತ್ತಿತ್ತು. ತಾಯಿ ಮೆಟ್ಟಿಲ ಮೇಲೆ ನನ್ನ ಕಾವಲಿಗೆ ಕೂತಿದ್ದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಚೆನ್ನಾಗಿದ್ದ ನನ್ನದೇ ಕೆಲಸವನ್ನು ಕೆಡವಲು ರೆಂಚ್ ಹಚ್ಚಿದೆ.

ಆಗ ದೇವರ ಕೋಣೆಯ ಮೇಲಿಂದ ಬಡಿತ ಕೇಳಿತು. ಎರಡು. ಒಂದು ತಡೆ. ಮತ್ತೊಂದು.

ಕಾರ್ಖಾನೆಯ ಗದ್ದಲದಲ್ಲಿ ಮಾತು ಕೇಳುತ್ತಿರಲಿಲ್ಲ. ನನಗೆ ಕೆಲಸ ಕಲಿಸಿದ ಇಮಾಮ್ ಮೇಸ್ತ್ರಿ ಸ್ಪ್ಯಾನರಿನಿಂದ ಪೈಪಿಗೆ ಹೀಗೆಯೇ ಬಡಿಯುತ್ತಿದ್ದರು: ‘ಇಲ್ಲಿ ನೋಡು’ ಎಂದು. ಅವರನ್ನು ಮಣ್ಣು ಮಾಡುವಾಗ ನಾನೂ ಇದ್ದೆ.

ಮೆಟ್ಟಿಲ ಕಡೆ ತಿರುಗಿದೆ. ತಾಯಿ ಎದ್ದು ನಿಂತಿದ್ದರು. ‘ಕೇಳಿಸ್ತಾ?’ ಎಂದೆ. ಅವರು ದೇವರ ಕೋಣೆಯ ಸೀಲಿಂಗನ್ನೇ ನೋಡುತ್ತಿದ್ದರು. ನಾನು ಕೋಣೆಗೆ ನುಗ್ಗಿ ಪ್ಲೈವುಡ್ ಕಿತ್ತಾಗಲೂ ತಡೆಯಲಿಲ್ಲ. ಸೀಲಿಂಗಿಗೆ ಜಾಗ ಮಾಡಲು ಬಡಗಿ ಪೈಪು ಹಿಡಿದಿದ್ದ ಕೊಂಡಿಯನ್ನೇ ತೆಗೆದಿದ್ದ. ಪೈಪು ಎರಡು ಬೆರಳಿನಷ್ಟು ಜೋತುಬಿದ್ದಿತ್ತು. ಕೊಂಡಿ ಹಾಕಿ ಎತ್ತಿ ಕಟ್ಟಿದೆ. ಬಾಯ್ಲರ್ ಹತ್ತಿಸಿದರೆ ಮನೆ ಸದ್ದಿಲ್ಲದೆ ಬೆಚ್ಚಗಾಯಿತು.

‘ಅಲ್ಲೇ ಅಂತ ಹೇಗೆ ಗೊತ್ತಾಯ್ತು ಅಂಕಲ್?’ ಎಂದು ಶ್ರೀಧರ್ ಕೇಳಿದ. ಇದ್ದದ್ದನ್ನು ಹೇಳಿದೆ. ನಕ್ಕ. ‘ತಣ್ಣಗಿರೋ ಪೈಪ್ ಸೌಂಡ್ ಮಾಡಲ್ಲ. ನೀವೂ ಇದನ್ನೆಲ್ಲ ನಂಬ್ತೀರಾ?’ ತಾಯಿ ಸೆರಗು ಸರಿಮಾಡಿಕೊಂಡು ಒಳಗೆ ಹೋದರು.

ಭಾನುವಾರ ಹೋಮವೂ ಆಯಿತು. ಹೋಮದಿಂದ ಸದ್ದು ನಿಂತಿತೆಂದು ದೇವಸ್ಥಾನದ ಊಟದ ಸಾಲಿನಲ್ಲಿ ಮಾತಾಯಿತು. ಕೊಂಡಿಯ ವಿಷಯ ಯಾರೂ ಎತ್ತಲಿಲ್ಲ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ತಣ್ಣಗಿರುವ ಪೈಪು ಸದ್ದು ಮಾಡುವುದಿಲ್ಲ, ಅದು ಶ್ರೀಧರನಿಗಿಂತ ನನಗೇ ಚೆನ್ನಾಗಿ ಗೊತ್ತು. ಆದರೂ ಈಗ ಯಾವ ಬೇಸ್‌ಮೆಂಟಿಗೆ ಇಳಿದರೂ ಮೊದಲು ರೆಂಚಿನಿಂದ ಪೈಪಿಗೆ ಬಡಿಯುತ್ತೇನೆ. ಎರಡು, ಒಂದು ತಡೆ, ಮತ್ತೊಂದು. ಆಮೇಲೆ ಕಿವಿ ಇಟ್ಟು ಕಾಯುತ್ತೇನೆ. ಇದುವರೆಗೆ ಮರುಬಡಿತ ಬಂದಿಲ್ಲ.