ತೋಳ ಓಡಿಸುವ ಗೊರಕೆ

ನನ್ನ ಸೊಸೆ ಮಗುವನ್ನು ಮತ್ತೆ ನನ್ನ ತೊಡೆಯ ಮೇಲೆ ಕೂರಿಸಿದ್ದಾಳೆ. ಈ ಸುದ್ದಿ ಹೇಳದೆ ಬೇರೆ ಮಾತಿಗೆ ಹೋಗಲಾರೆ. ಓದಿದ್ದು ಮೂರನೇ ಕ್ಲಾಸು. ಬರೆಯುವ ಕೈ ತಡವರಿಸುತ್ತದೆ, ಸಂತೋಷ ತಡವರಿಸುತ್ತಿಲ್ಲ.

ಹಿರೇಗುಂಟನೂರು ಕಡೆಯ ಕುರಿಗಾರ ನಾನು. ಬೆಳೆ ಕೊಯ್ದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿ, ಅಲ್ಲೇ ಕಾವಲು ಮಲಗುವುದು ನಮ್ಮ ಕಸುಬು. ಅಲ್ಲಿ ನನ್ನ ಗೊರಕೆಗೆ ಹೆಸರಿತ್ತು. "ಅಜ್ಜ ಮಲಗಿದ್ರೆ ನಾಯಿ ಯಾಕ್ರಿ, ತೋಳ ಜೋಗಿಮಟ್ಟಿ ಗುಡ್ಡ ಬಿಟ್ಟು ಇಳಿಯಲ್ಲ" ಎಂದು ಮದಕರಿಪುರದ ರೈತರು ಕರೆಕರೆದು ಹೊಲ ಕೊಡುತ್ತಿದ್ದರು. ನಾನು ಮೀಸೆ ತಿರುವುತ್ತಿದ್ದೆ. ಗೊರಕೆ ನಡುವೆ ನಿಂತು, ಆಮೇಲೆ ಗುಟುರು ಹಾಕಿದಂತೆ ಎದ್ದರೆ ಅದು ತೋಳಕ್ಕೆ ಬೆದರಿಕೆ ಎಂದೇ ಎಲ್ಲರೂ ತಿಳಿದಿದ್ದರು. ನಿಂತದ್ದು ನನ್ನ ಉಸಿರು ಎಂದು ಯಾರಿಗೂ ಹೊಳೆಯಲಿಲ್ಲ. ನಾನಂತೂ ನಿದ್ದೆಯಲ್ಲಿದ್ದೆ.

ಇರುಳಿಡೀ ಮಲಗಿದವನಿಗೆ ಹಗಲೂ ತೂಕಡಿಕೆ. ಕೋಲಿಗೆ ಗಲ್ಲ ಊರಿದರೆ ಸಾಕು, ಕುರಿಗಳು ಪಕ್ಕದವರ ಶೇಂಗಾದಲ್ಲಿ. ಮಗ ಕುರಿಗಳನ್ನು ತಾನೇ ನೋಡಿಕೊಳ್ಳತೊಡಗಿದ. "ತಿಂದು ಮಲಗೋದೊಂದು ಚೆಂದಾಗಿ ಬರ್ತೈತೆ ನಿಮಗೆ" ಎಂದಳು ಹೆಂಡತಿ. ಆಮೇಲೊಂದು ದಿನ ಜಗುಲಿಯಲ್ಲಿ ಮೊಮ್ಮಗಳು ನನ್ನ ತೊಡೆಯಿಂದ ಜಾರಿ ಬಿದ್ದು ಹಣೆ ಊದಿತು. ಅವಳ ಅಳುವಿಗೆ ಕೇರಿಯೇ ಓಡಿ ಬಂತು. ಎಲ್ಲರಿಗಿಂತ ಕೊನೆಗೆ ಎಚ್ಚರವಾದದ್ದು ನನಗೆ. ಸೊಸೆ ಬೈಯಲಿಲ್ಲ. ಕೂಸನ್ನು ಕೊಡುವುದನ್ನು ಬಿಟ್ಟಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಕುರಿಯೂ ಇಲ್ಲ, ಕೂಸೂ ಇಲ್ಲ. ಖಾಲಿ ತೊಡೆ ನೋಡಿಕೊಂಡು ಕೂರುವುದು, ಅಲ್ಲೇ ತೂಕಡಿಸುವುದು. ಇನ್ನು ನಾನು ಯಾತಕ್ಕೆ ಬೇಕು ಅನ್ನಿಸಿತ್ತು.

ಕೊನೆಗೆ ಈ ತೂಕಡಿಕೆ ತೋರಿಸಲು ದುರ್ಗದ ಆಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟರಮ್ಮ ಗೊರಕೆ ಉಂಟೇ ಎಂದು ಕೇಳಿದಾಗ ಹೆಂಡತಿ ಹೆಮ್ಮೆಯಿಂದ "ತೋಳ ಓಡ್ತಾವ್ರಿ" ಎಂದಳು. ಡಾಕ್ಟರಮ್ಮ ನಗಲಿಲ್ಲ. ಮೈಗೆ ವೈರು ಅಂಟಿಸಿ ಮಲಗಿಸಿ ನೋಡಿದರು. ನಿದ್ದೆಯಲ್ಲಿ ಗಂಟಲು ಸಡಿಲವಾಗಿ ಉಸಿರಿನ ದಾರಿ ಮುಚ್ಚುತ್ತದಂತೆ. ಮೆದುಳು ಗಾಬರಿಯಾಗಿ ಮತ್ತೆ ಮತ್ತೆ ಎಬ್ಬಿಸುತ್ತದಂತೆ, ನಮಗೇ ಗೊತ್ತಾಗದ ಹಾಗೆ. ಹಾಗೇ ಬಿಟ್ಟರೆ ಬಿಪಿ, ಹೃದಯಕ್ಕೂ ಪೆಟ್ಟು. ಹೊರಗಿನ ಬೆಂಚಿನಲ್ಲಿ ನಿದ್ದೆಯೇ ಬಾರದ ಹೊಳಲ್ಕೆರೆಯವನೊಬ್ಬ ಕುಳಿತಿದ್ದ. ಅವನು ನನ್ನನ್ನು ಹೊಟ್ಟೆಕಿಚ್ಚಿನಿಂದ ನೋಡಿದ, ನಾನು ಅವನನ್ನು. ಅವನಿಗೆ ಸಂಜೆಯ ಚಹಾ ಬಿಡು, ಮೊಬೈಲು ದೂರವಿಡು, ಹೊತ್ತಿಗೆ ಸರಿಯಾಗಿ ಏಳು ಎಂದರಂತೆ. ನನಗೆ ಮೈತೂಕ ಇಳಿಸು, ಮಗ್ಗುಲಾಗಿ ಮಲಗು ಎಂದು ಹೇಳಿ, ಮೂಗಿಗೆ ಮುಚ್ಚಳ ಕಟ್ಟಿ ಗಾಳಿ ಊದುವ ಮಿಷನ್ನು ಕೊಟ್ಟರು.

"ಮೇವಿನ ಚೀಲ ಕಟ್ಟಿದ ಕುದುರೆ ಹಂಗೆ ಕಾಣ್ತೀರಿ" ಎಂದಳು ಹೆಂಡತಿ. ಮೊದಮೊದಲು ಕಿತ್ತು ಹಾಕಿದೆ. ಆಮೇಲೆ ಊದಿದ ಆ ಹಣೆ ನೆನಪಾಗಿ ನಾನೇ ಕಟ್ಟಿಕೊಂಡೆ. ಬರುಬರುತ್ತ ತೂಕಡಿಕೆ ಕಳೆದು ಹಗಲಿಗೆ ಹಗಲಿನ ಬೆಳಕು ಬಂತು. ಸೊಸೆ ನನ್ನನ್ನೇ ಗಮನಿಸುತ್ತಿದ್ದಳು. ಇವತ್ತು ಸಂಜೆ, "ಮಾವ, ಕೂಸು ಹಿಡ್ಕಳ್ರಿ, ಮುದ್ದೆ ತಿರುವ್ಬೇಕು" ಎಂದಳು.

ಎಲ್ಲರೂ ಒಟ್ಟಿಗೆ ಉಣ್ಣಲು ಕುಳಿತೆವು. ಮೊದಲೇ ಉಂಡಿದ್ದ ಮಗು ನನ್ನ ತೊಡೆಯಲ್ಲೇ ನಿದ್ದೆಹೋಗಿ, ಸಣ್ಣಗೆ ಗೊರಕೆ ಹೊಡೆಯಿತು. ಎಲ್ಲರ ಕೈಗಳೂ ತಟ್ಟೆಯಲ್ಲೇ ನಿಂತವು.

"ನೆಗಡಿ ಆಗೈತೆ ಅಷ್ಟೇ, ಉಣ್ರಿ" ಎಂದಳು ಸೊಸೆ.

ಉಂಡೆವು. ತೋಳದ ಮಾತನ್ನು ಯಾರೂ ಎತ್ತಲಿಲ್ಲ. ನಾನು ಎಡಗೈಯನ್ನು ಮಗುವಿನ ಬೆನ್ನ ಮೇಲಿಟ್ಟು, ಉಸಿರು ಏರಿ ಇಳಿಯುವುದನ್ನು ಕಾಯುತ್ತ, ಬಲಗೈಯಲ್ಲಿ ಮುದ್ದೆ ಮುರಿದೆ.