ಚನ್ನಬಸಪ್ಪನವರ ಒಂದೇ ಒಂದು ಗುಂಡು

ಚನ್ನಬಸಪ್ಪನವರು ಹೈದರಾಬಾದಿನ ಒಂದು ರಕ್ಷಣಾ ಕಾರ್ಖಾನೆಯಲ್ಲಿದ್ದಾರೆ. ಈ ಮಾತು ನಿಜ. ಅವರು ಅಲ್ಲಿ ಕ್ಯಾಂಟೀನು ನೋಡಿಕೊಳ್ಳುತ್ತಾರೆ ಎಂಬ ಇನ್ನರ್ಧವನ್ನು ಮಾತ್ರ ಸುರಪುರದ ಅವರ ನೆಂಟರಿಗೆ ಯಾರೂ ಹೇಳಿಲ್ಲ. ನಾನು ಅದೇ ಕಾರ್ಖಾನೆಯ ಉಗ್ರಾಣದಲ್ಲಿದ್ದೇನೆ, ಕ್ವಾರ್ಟರ್ಸಿನಲ್ಲಿ ಅವರ ಪಕ್ಕದ ಮನೆ. ನಾನಾದರೂ ಹೇಳಬಹುದಿತ್ತು. ಆದರೆ ಮಧ್ಯಾಹ್ನ ನನ್ನ ತಟ್ಟೆಗೆ ಮಾತ್ರ ಎರಡು ವಡೆ ಹೆಚ್ಚಿಗೆ ಬೀಳುವಾಗ ಸತ್ಯ ಹೇಳುವ ಉಮೇದು ಯಾರಿಗೆ ಬರುತ್ತದೆ?

ಎಲ್ಲಕ್ಕೂ ಮೂಲ ಒಂದು ಫೋಟೊ. ಪ್ರತಿವರ್ಷ ಆಯುಧಪೂಜೆಯ ದಿನ ಕಾರ್ಖಾನೆಯಲ್ಲಿ ವಿಭೂತಿ ಹಚ್ಚುವ ಕೆಲಸ ಚನ್ನಬಸಪ್ಪನವರದು. ಲೇತ್ ಯಂತ್ರ, ಲಾರಿ, ಹಿಟ್ಟು ರುಬ್ಬುವ ಗ್ರೈಂಡರು, ಯಾವುದನ್ನೂ ಅವರು ಬಿಡುವುದಿಲ್ಲ. ಒಂದು ವರ್ಷ ಗೇಟಿನ ಕಾವಲುಗಾರ ತನ್ನ ಬಂದೂಕಿಗೂ ಹಚ್ಚಿ ಎಂದು ಅವರ ಕೈಗೆ ಕೊಟ್ಟ. ಅದೇ ಹೊತ್ತಿಗೆ ಯಾರೋ ಫೋಟೊ ತೆಗೆದರು. ಫೋಟೊ ಊರಿಗೆ ಹೋಯಿತು. ಅಲ್ಲಿಂದಾಚೆ ಅವರು ನೆಂಟರ ಪಾಲಿಗೆ ಬಂದೂಕು ಪರೀಕ್ಷೆ ಮಾಡುವ ಸಾಹೇಬರು.

ಹೆಂಡತಿ ಸೂಗಮ್ಮನಿಗೆ ಎಲ್ಲ ಗೊತ್ತು. ದಿನಾ ಸಂಜೆ ಸಾಂಬಾರಿನ ವಾಸನೆ ಹೊತ್ತು ಬರುವ ಗಂಡನ ಕೆಲಸ ಯಾವ ಹೆಂಡತಿಗೆ ಗೊತ್ತಾಗುವುದಿಲ್ಲ? ಆದರೆ ತವರಿನಲ್ಲಿ ಅವರ ಮಾತಿಗೂ ತೂಕ ಬಂದಿತ್ತಲ್ಲ, ಸುಮ್ಮನಿದ್ದರು. "ಮಂದಿ ಮುಂದ ಏನರ ಹೇಳ್ಕೋರಿ, ನನ್ನ ಮುಂದ ಮಾತ್ರ ಸುಳ್ಳ ಹೇಳಬ್ಯಾಡ್ರಿ" ಎಂಬುದೊಂದೇ ಅವರ ಕರಾರು.

ಹೀಗೆ ಸುಖವಾಗಿದ್ದವರಿಗೆ ಅಳಿಯ ಬಂದ. ಮಗಳು ಶ್ರೀವಿದ್ಯಾಳ ಗಂಡ ರವಿಕಿರಣನಿಗೆ ಗಚ್ಚಿಬೌಲಿಯಲ್ಲಿ ಸಾಫ್ಟ್‌ವೇರ್ ಕೆಲಸ. ಆಗ ಅಲ್ಲಿ ಬೆಳಗಾದರೆ ಒಂದು ಹೊಸ ಗಾಜಿನ ಕಟ್ಟಡ ಏಳುತ್ತಿತ್ತು. ಅದರೊಳಗೆ ವಾರವೆಲ್ಲ ಕೂತು ಬೆನ್ನು ನೋಯಿಸಿಕೊಂಡವರಿಗೆ ಶನಿವಾರ ಏನಾದರೊಂದು ಮೋಜು ಬೇಕು. ಈ ಸಲ ಅವನ ಮ್ಯಾನೇಜರು ರಾಮದಾಸ್ ಎಲ್ಲರನ್ನೂ ಏರ್ ರೈಫಲ್ ಹೊಡೆಯುವ ರೇಂಜಿಗೆ ಕರೆದೊಯ್ಯಲು ನಿಶ್ಚಯಿಸಿದ್ದರು. ಅಪ್ಪನ ಕೆಲಸದ ಬಗ್ಗೆ ಶ್ರೀವಿದ್ಯಾಳೂ ತಾಯಿಯಂತೆ ಬಾಯಿ ಬಿಟ್ಟಿರಲಿಲ್ಲ; ಫೋಟೊ ನಂಬಿದ್ದ ನಮ್ಮ ಅಳಿಯ ಸುಮ್ಮನಿರಬೇಕಲ್ಲ? ಮೊದಲ ಗುಂಡು ನಮ್ಮ ಮಾವನೇ ಹೊಡೆದು ತೋರಿಸುತ್ತಾರೆ ಎಂದು ಆಫೀಸಿನಲ್ಲೆಲ್ಲ ಸಾರಿಬಿಟ್ಟಿದ್ದ.

ಚನ್ನಬಸಪ್ಪನವರು ನನ್ನ ಹತ್ತಿರ ಓಡಿ ಬಂದರು. "ತಾಯಪ್ಪ, ನನ್ನ ಮಾನ ಹೋಗೂದು ಖಾತ್ರಿ. ಅಳಿಯ ಭಾಳ ನಂಬ್ಯಾನ. ಗುರಿ ತಪ್ಪಿತಂದ್ರ ಸುರಪುರ ತನಕ ಸುದ್ದಿ ಆಗತೈತಿ."

"ಜ್ವರ ಬಂದೈತಿ ಅಂತ ಹೇಳ್ರಿ, ಚನ್ನಬಸಣ್ಣ."

"ಹೇಳಿದ್ನೆಪಾ. ಗುಳಿಗಿ ತಂದುಕೊಟ್ಟ!"

ಕಡೆಗೆ ಧೈರ್ಯಕ್ಕೆಂದು ನನ್ನನ್ನೂ ಎಳೆದುಕೊಂಡು ಹೋದರು. ರೇಂಜಿನಲ್ಲಿ ಮೇಜುಗಳ ಸಾಲು, ದೂರದಲ್ಲಿ ಮರಳಿನ ದಿಬ್ಬ, ಅದರ ಮುಂದೆ ಕರಿ ಬೊಟ್ಟಿನ ಕಾರ್ಡುಗಳು. ಪ್ರತಿ ಮೇಜಿಗೆ ಎದುರಿಗೊಂದು ಕಾರ್ಡು. ಹೇಳಿಕೊಡುವ ಉಸ್ತಾದ ಉದ್ದನೆಯ ರೈಫಲ್ಲೊಂದನ್ನು ತಂದಿಟ್ಟ. ಅದರ ಮೇಲೊಂದು ಸಣ್ಣ ದುರ್ಬೀನು. "ಯೆ ಖಿಲೌನಾ ನೈ ಚಾಚಾ, ಬಹುತ್ ಪವರ್ ಹೈ" ಎನ್ನುತ್ತ, ಇದು ಆಟಿಕೆಯಲ್ಲ ಎಂಬುದಕ್ಕೆ ಅದರ ಸೀಸದ ಗುಂಡು ತೂರಿ ಹೋದ ಹಲಗೆಯೊಂದನ್ನು ತೋರಿಸಿದ. ಚನ್ನಬಸಪ್ಪನವರ ಮುಖದ ಬಣ್ಣ ಇಳಿಯಿತು.

ಆದರೆ ಕೈಗೆ ತನ್ನದೇ ಅಭ್ಯಾಸ. ಆಯುಧ ಎದುರಿಗಿದೆ, ಪೂಜೆಯಿಲ್ಲದೆ ಮುಟ್ಟುವುದು ಹೇಗೆ? ಉಸ್ತಾದ ಆಚೆ ತಿರುಗಿದ್ದೇ ತಡ, ಅವರು ಜೇಬಿನಿಂದ ವಿಭೂತಿ ತೆಗೆದು, ಕಣ್ಣು ಮುಚ್ಚಿ, ರೈಫಲ್ಲಿನ ಮೇಲೆ ಮೂರು ಬೆರಳು ಎಳೆದರು. ಎಳೆದದ್ದು ನೇರವಾಗಿ ದುರ್ಬೀನಿನ ಗಾಜಿನ ಮೇಲೆ. ಸುತ್ತಲಿದ್ದ ಸಾಫ್ಟ್‌ವೇರ್ ಹುಡುಗರು ಇದು ಡಿಫೆನ್ಸಿನವರ ಪದ್ಧತಿಯೇ ಇರಬೇಕೆಂದುಕೊಂಡರು. ಇಬ್ಬರು ತಮ್ಮ ರೈಫಲ್ಲಿಗೂ ಹಚ್ಚಿ ಎಂದು ಮುಂದೆ ತಂದರು.

ಪಕ್ಕದ ಮೇಜಿನಲ್ಲಿ ರಾಮದಾಸ್ ನಿಂತರು. ನಮ್ಮವರು ರೈಫಲ್ಲನ್ನು ಮೇಜಿಗೆ ಆನಿಸಿ ಕಣ್ಣಿಟ್ಟರೆ ಒಳಗೆಲ್ಲ ಮಂಜು. ಅಂಗಿಯ ತುದಿಯಿಂದ ಉಜ್ಜಿದರು. ಗಾಜಿನಲ್ಲಿ ಒಂದಿಷ್ಟು ಜಾಗ ತಿಳಿಯಾಯಿತು, ಅಲ್ಲೊಂದು ಕರಿ ಬೊಟ್ಟು ಕಂಡಿತು. ಮುಳುಗುವವರಿಗೆ ದಡ ಕಂಡಂತೆ ಅವರು ಅದನ್ನೇ ಹಿಡಿದು ನಿಂತರು. ಹಿಂದೆ ನಿಂತ ನನಗೆ ಅವರ ನಳಿಗೆ ಸೊಟ್ಟಗೆ ಪಕ್ಕದ ಕಾರ್ಡಿನ ಕಡೆ ತಿರುಗಿದ್ದು ಕಾಣಿಸಿತು. ಹೇಳೋಣವೆಂದು ಬಾಯಿ ತೆಗೆಯುವಷ್ಟರಲ್ಲಿ ಉಸ್ತಾದ "ಫೈರ್!" ಎಂದ.

ಇಬ್ಬರೂ ಒಟ್ಟಿಗೆ ಹೊಡೆದರು. ರಾಮದಾಸರ ಗುಂಡಿಗೆ ದಿಬ್ಬದ ತುದಿಯ ಮರಳು ಎದ್ದದ್ದನ್ನು ನಾನು ಕಣ್ಣಾರೆ ಕಂಡೆ.

ಕಾರ್ಡುಗಳು ಬಂದವು. ಚನ್ನಬಸಪ್ಪನವರದು ಖಾಲಿ. ರಾಮದಾಸರ ಕಾರ್ಡಿನಲ್ಲಿ ನಟ್ಟನಡುವೆ ಒಂದು ತೂತು!

ರಾಮದಾಸ್ ಮಗುವಿನಂತೆ ಕುಣಿದರು. ಚಪ್ಪಾಳೆಯೋ ಚಪ್ಪಾಳೆ. ಚನ್ನಬಸಪ್ಪನವರು ಒಮ್ಮೆ ಆ ತೂತನ್ನು, ಒಮ್ಮೆ ತಮ್ಮ ಮೇಜನ್ನು ನೋಡಿದರು. ಅವರಿಗೂ ತಿಳಿಯಿತು. ಜೀವಮಾನದಲ್ಲಿ ಹೊಡೆದ ಒಂದೇ ಗುಂಡು ಗುರಿಯ ನಡುವಿಗೇ ಬಿದ್ದಿದೆ, ಆದರೆ ಅದು ತಮ್ಮದೆಂದರೆ ಪಕ್ಕದವರ ಕಾರ್ಡಿಗೆ ಹೊಡೆದದ್ದನ್ನು ಒಪ್ಪಿಕೊಳ್ಳಬೇಕು. ನನಗೆ ನಿಜಕ್ಕೂ ಸಂಕಟವಾಯಿತು.

ರವಿಕಿರಣ ಪೆಚ್ಚುಮೋರೆ ಹಾಕಿಕೊಂಡು ಬಂದ. "ಮಾವಾರ, ಕಾರ್ಡ್ ಖಾಲಿ ಐತಲ್ರಿ?"

ಚನ್ನಬಸಪ್ಪನವರು ಅವನ ಕಿವಿಯ ಹತ್ತಿರ ಬಗ್ಗಿದರು. "ನಿಮ್ಮ ಸಾಹೇಬರ ಮುಂದ ನಾ ಗುರಿ ಹೊಡದ್ರ ನಿಮಗ ಚಂದ ಏನ್ರಿ ಅಳಿಯಂದ್ರ? ಬೇಕಂತನ ಬಿಟ್ಟೆ."

ಅಳಿಯನ ಕಣ್ಣು ತುಂಬಿ ಬಂದವು. ಅಲ್ಲೇ ಬಗ್ಗಿ ಕಾಲು ಮುಟ್ಟಿದ. ಅತ್ತ ಉಸ್ತಾದ ದುರ್ಬೀನು ಹಿಡಿದು "ಇಸ್ಪೆ ಚೂನಾ ಕೌನ್ ಲಗಾಯಾ?" ಎಂದು ಸುಣ್ಣ ಬಳಿದವರನ್ನು ಹುಡುಕುತ್ತ ಕೂಗಾಡುತ್ತಿದ್ದ. ನಾವು ಬೇಗ ಆಟೊ ಹತ್ತಿದೆವು.

ಆ ತೂತಿನ ಕಾರ್ಡು ಈಗ ಗಾಜಿನ ಕಟ್ಟು ಹಾಕಿಸಿಕೊಂಡು ರಾಮದಾಸರ ಕ್ಯಾಬಿನ್ನಿನಲ್ಲಿ ತೂಗುತ್ತಿದೆಯಂತೆ.

ಮನೆಗೆ ಬಂದವರೇ ಚನ್ನಬಸಪ್ಪನವರು ಚಪ್ಪಲಿಯನ್ನೂ ಬಿಡದೆ ಹೇಳಿದರು: "ಕೇಳಿಲ್ಲಿ, ಆ ಗುಂಡು ನಂದ. ನಟ್ಟನಡುವ ನಾನ ಹೊಡದೆ!"

ಸೂಗಮ್ಮ ನೀರಿನ ತಂಬಿಗೆಯನ್ನು ಕುಕ್ಕಿದರು. "ಅಳಿಯ ಫೋನ್ ಮಾಡಿ ಎಲ್ಲಾ ಹೇಳ್ಯಾನ. ಬೇಕಂತ ಬಿಟ್ಟೆ ಅಂದ್ರಂತ. ಅವಗೊಂದ ಸುಳ್ಳ, ನನಗೊಂದ ಸುಳ್ಳ? ನನ್ನ ಮುಂದ ಬ್ಯಾಡ ಅಂದಿದ್ದೆ ಇಲ್ಲೋ?"

"ಖರೇನ ಐತಿ! ತಾಯಪ್ಪ, ನೀನರ ಹೇಳಪಾ, ನೋಡೀದಿಲ್ಲ?"

ನಾನು ಎದೆ ಮುಟ್ಟಿಕೊಂಡೆ. "ಆಣಿ ಮಾಡಿ ಹೇಳ್ತೀನ್ರಿ ಅಕ್ಕಾರ, ನಾ ಕಣ್ಣಾರೆ ನೋಡೀನಿ."

ಸೂಗಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ದಿನಾ ಎರಡ ವಡಿ ಹೆಚ್ಚಿಗಿ ತಿನ್ನಾವ ನೀ ಸಾಕ್ಷಿ ಹೇಳಿದಿ ಅಂದ ಮ್ಯಾಲ ಸುಳ್ಳ ಅನ್ನೂದು ಖಾತ್ರಿ ಆತು ಬಿಡು" ಎಂದು ಒಳಗೆ ನಡೆದರು.

ಸೋಮವಾರ ಕ್ಯಾಂಟೀನಿನಲ್ಲಿ ನನ್ನ ತಟ್ಟೆಗೆ ಎಲ್ಲರಷ್ಟೇ ವಡೆ ಬಿದ್ದವು.