ಮದುಮಗನ ಕೈಯ ಚೂರಿ

ಮನೆಯಲ್ಲಿ ಚೂರಿ ಇಟ್ಟುಕೊಳ್ಳುವುದು ತಪ್ಪಲ್ಲ, ಹಿಡಿದುಕೊಂಡು ರಸ್ತೆಗೆ ಬರುವುದು ತಪ್ಪು. ಕೆಲಸದ ಸಾಮಾನಾದರೆ ಅಡ್ಡಿಯಿಲ್ಲ, ಕೆಲಸದ್ದಲ್ಲದಿದ್ದರೆ ಅಡ್ಡಿ. ಕಾಯದೆಯ ಈ ಎರಡು ಮಾತು ನನಗೆ ತಿಳಿದದ್ದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ನನ್ನ ಮದುವೆಯ ದಿನ. ಮೊಮ್ಮಕ್ಕಳ ಮುಂದೆ ಹೇಳಿದರೆ ಬಿದ್ದು ಬಿದ್ದು ನಗುತ್ತಾರೆ. ನಗಲಿ, ನಗುವ ವಯಸ್ಸು. ನನಗಂತೂ ಇವತ್ತಿಗೂ ನಗು ಬರುವುದಿಲ್ಲ.

ನಮ್ಮದು ಶಿರಹಟ್ಟಿಯ ಮಗ್ಗದ ಮನೆ. ನಮ್ಮ ಕಡೆ ಮದುಮಗನಿಗೆ ಅರಿಸಿನ ಹಚ್ಚಿದ ಗಳಿಗೆಯಿಂದ ತಲೆಯ ಮೇಲೆ ಅಕ್ಕಿಕಾಳು ಬೀಳುವವರೆಗೆ ಕೈಯಲ್ಲೊಂದು ಚೂರಿ ಕೊಡುತ್ತಾರೆ. ತುದಿಗೆ ಲಿಂಬೆಹಣ್ಣು ಚುಚ್ಚಿರುತ್ತಾರೆ. ಉಣ್ಣುವಾಗ ತೊಡೆಯ ಮೇಲೆ, ಮಲಗುವಾಗ ಮಗ್ಗುಲಲ್ಲಿ ಅದು ಇರಲೇಬೇಕು. ಕಬ್ಬಿಣ ಜೊತೆಗಿದ್ದರೆ ಗಾಳಿ ಸೋಕದು, ಕೆಟ್ಟ ಕಣ್ಣು ತಾಗದು ಎಂದು. ನಮ್ಮ ಮನೆಯದು ಮುತ್ತಜ್ಜನ ಕಾಲದ ಚೂರಿ, ಹಿತ್ತಾಳೆಯ ಹಿಡಿ, ಗೇಣಿಗಿಂತ ತುಸು ಉದ್ದ. ಅದೆಷ್ಟು ಮೊಂಡಾಗಿತ್ತೆಂದರೆ, ಲಿಂಬೆಹಣ್ಣಿಗೆ ಬೇರೆ ಚಾಕುವಿನಿಂದ ಮೊದಲು ತೂತು ಕೊರೆದು ಆಮೇಲೆ ಇದನ್ನು ತುರುಕಬೇಕಾಗುತ್ತಿತ್ತು.

ನನ್ನ ಅಣ್ಣ ತನ್ನ ಮದುವೆಯಲ್ಲಿ ಆ ಚೂರಿಯನ್ನು ಕಟ್ಟೆಯ ಮೇಲೆ ಮರೆತು ಗೆಳೆಯರ ಜೊತೆ ಹರಟೆಗೆ ಎದ್ದು ಹೋಗಿದ್ದ. ಹದಿನೈದನೆಯ ದಿನಕ್ಕೆ ಹಿತ್ತಲಲ್ಲಿ ಹಾವು ಕಚ್ಚಿ ಸತ್ತ. ಅವ್ವ ಆ ಎರಡನ್ನೂ ಗಂಟು ಹಾಕಿಕೊಂಡಳು. ಅವಳ ಎದೆಯಲ್ಲಿ ಬಿದ್ದ ಆ ಗಂಟನ್ನು ಬಿಚ್ಚಲು ಯಾರಿಂದಲೂ ಆಗಲಿಲ್ಲ. ನನಗೆ ಅರಿಸಿನ ಹಚ್ಚಿದ ದಿನ ನನ್ನ ಮುಷ್ಟಿಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, "ನನ್ನ ಮ್ಯಾಲ ಆಣಿ ಐತಿ ನಿನಗ. ಜೀವಾ ಹೋದ್ರೂ ಇದನ್ನ ಬಿಡಬ್ಯಾಡ" ಎಂದಳು.

ಹುಡುಗಿ ಬೆಟಗೇರಿಯವಳು, ಅವ್ವನ ಖಾಸಾ ಅಣ್ಣನ ಮಗಳು. ಸಣ್ಣವಳಿದ್ದಾಗ ನಮ್ಮ ಮನೆಗೆ ಬಂದರೆ, ಮಗ್ಗದ ಗುಣಿಯಲ್ಲಿ ಕಾಲು ಇಳಿಬಿಟ್ಟು ಕೂತ ನನ್ನನ್ನು ನೋಡಿ "ಗುಣಿಯಾಗಿನ ಕಪ್ಪಿ, ಗುಣಿಯಾಗಿನ ಕಪ್ಪಿ" ಎಂದು ಕೂಗಿ ಓಡುತ್ತಿದ್ದಳು. ಬೆಳೆದ ಮೇಲೆ ಕೂಗುವುದನ್ನು ಬಿಟ್ಟಳು. ಬಾಗಿಲ ಮರೆಯಿಂದ ನೋಡಿ ನಗುತ್ತಿದ್ದಳು. ನನಗೆ ಅವಳೆಂದರೆ ಪ್ರಾಣ. ಇದನ್ನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿದವನಲ್ಲ, ಈಗ ಬರೆಯುತ್ತಿದ್ದೇನೆ.

ಆಗಿನ ನಮ್ಮ ಸೀಮೆಯ ಅವಸ್ಥೆ ಹೇಳಬೇಕು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಪಕ್ಕದ ಲಕ್ಷ್ಮೇಶ್ವರ ಮಿರಜದ್ದು, ಗದಗು ಬೆಟಗೇರಿ ಮುಂಬಯಿ ಸರಕಾರದ್ದು, ಮುಂಡರಗಿ ದಾಟಿದರೆ ಹೈದರಾಬಾದ್ ಸಂಸ್ಥಾನ. ಸ್ವಾತಂತ್ರ್ಯ ಬಂದ ಮರುವರ್ಷ ಆ ಗಡಿಯಲ್ಲಿ ಗಲಾಟೆ ಜೋರಾಗಿತ್ತು. ಊರು ಬಿಟ್ಟು ಬಂದವರು ಗಂಟುಮೂಟೆ ಹೊತ್ತು ಗದಗಿನ ಧರ್ಮಶಾಲೆಗಳಲ್ಲಿ ತುಂಬಿದ್ದರು. ರಸ್ತೆಯ ಮೇಲೆ ಆಯುಧ ಒಯ್ಯಬಾರದೆಂದು ಸರಕಾರ ಹುಕುಮು ಹೊರಡಿಸಿದೆ ಎಂಬ ಸುದ್ದಿ ನಮ್ಮೂರಿಗೂ ಬಂದಿತ್ತು.

ಅಪ್ಪ ಮುಂಜಾಗ್ರತೆಯ ಮನುಷ್ಯ. ಸಂಸ್ಥಾನದ ಕಚೇರಿಗೆ ಹೋಗಿ ಅರ್ಜಿ ಕೊಟ್ಟು, ಮದುವೆಯ ಚೂರಿ ಒಯ್ಯಲು ಅಡ್ಡಿಯಿಲ್ಲವೆಂದು ಕಾಗದ ಬರೆಸಿ ಮೊಹರು ಹಾಕಿಸಿಕೊಂಡು ಬಂದ. ಆದರೆ ದಾಯಾದಿಗಳ ಮನೆಯಲ್ಲೊಂದು ಸಾವಾಗಿ, ಮದುವೆ ಮೂರು ತಿಂಗಳು ಮುಂದೆ ಹೋಯಿತು. ಆ ಮೂರು ತಿಂಗಳಲ್ಲಿ ಸಂಸ್ಥಾನವೇ ಮುಂಬಯಿಯಲ್ಲಿ ಸೇರಿಹೋಯಿತು. ಊರಲ್ಲಿ ಪೇಢೆ ಹಂಚಿದರು, ನಾವೂ ತಿಂದೆವು. ಆ ಪೇಢೆಗೂ ನಮ್ಮ ಕಾಗದಕ್ಕೂ ಸಂಬಂಧವಿದೆ ಎಂದು ನಮ್ಮಲ್ಲಿ ಒಬ್ಬನಿಗೂ ಹೊಳೆಯಲಿಲ್ಲ.

ಮದುವೆಯ ಹಿಂದಿನ ದಿನವೇ ಬಂಡಿ ಕಟ್ಟಿ ಹೊರಟು ಸೊರಟೂರಿನಲ್ಲಿ ನೆಂಟರ ಮನೆಯಲ್ಲಿ ಉಳಿದೆವು. ಬೆಳಗಾಗುತ್ತಲೇ ಅಲ್ಲಿಂದ ಬಿಟ್ಟೆವು. ಬೆಟಗೇರಿ ಇನ್ನು ನಾಲ್ಕು ಮೈಲಿ ಇದೆ ಎನ್ನುವಾಗ ರಸ್ತೆಗೆ ಅಡ್ಡ ಬಿದಿರು ಕಟ್ಟಿದ್ದರು. ಬೇವಿನ ಗಿಡದ ಕೆಳಗೆ ಒಬ್ಬ ಹವಾಲ್ದಾರ, ಒಬ್ಬ ಪೊಲೀಸ. ಹವಾಲ್ದಾರ ಕೆಟ್ಟವನಲ್ಲ, ಮಕ್ಕಳೊಂದಿಗ. ನನ್ನ ಬಾಸಿಂಗ ನೋಡಿ ನಕ್ಕ, ಕೈಯ ಚೂರಿ ನೋಡಿ ನಗು ನಿಲ್ಲಿಸಿದ.

"ಮದುಮಗನ್ನ ತಡಿಯೂದಿಲ್ರಿ. ಚೂರಿ ಇಲ್ಲೆ ಇಟ್ಟು ಹೋಗ್ರಿ. ಚೀಟಿ ಬರದ ಕೊಡತೀನಿ, ತಿರುಗಿ ಹೋಗುವಾಗ ಒಯ್ಯಾಕ ಬರತೈತಿ."

ಅಪ್ಪ ಗತ್ತಿನಿಂದ ಅಂಗಿಯ ಒಳಜೇಬಿನ ಕಾಗದ ತೆಗೆದು ಮುಂದೆ ಹಿಡಿದ. ಹವಾಲ್ದಾರ ಅದನ್ನು ಪೂರಾ ಓದಿದ, ಹಿಂದೆ ಮುಂದೆ ತಿರುಗಿಸಿ ನೋಡಿದ.

"ಮೊಹರು ಚಲೋ ಐತ್ರಿ ಯಜಮಾನ್ರ. ಆದ್ರ ಈ ಸರಕಾರ ಈಗ ಇಲ್ಲಲ್ಲ."

ಅಪ್ಪನ ಮುಖ ನೋಡಬಾರದಾಗಿತ್ತು. ಆ ಕಾಗದವನ್ನು ಮೂರು ತಿಂಗಳು ದೇವರ ಜಗುಲಿಯ ಮೇಲೆ ಇಟ್ಟುಕೊಂಡಿದ್ದ. ಹೊಸ ಪರವಾನಗಿ ಬೇಕಾದರೆ ಗದಗಿನ ಸಾಹೇಬರ ಸಹಿ ಆಗಬೇಕು ಎಂದು ಹವಾಲ್ದಾರ ಹೇಳಿದ. ಅಷ್ಟೇ ತಾನೆ ಎಂದು ಅಪ್ಪ ಹಾದಿಯಲ್ಲಿ ಬಂದ ಟಾಂಗಾ ಹತ್ತಿ ಹೊರಟೇಬಿಟ್ಟ. ಮುಹೂರ್ತ ಹನ್ನೊಂದೂವರೆಗೆ, ಹೊತ್ತು ಇನ್ನೂ ಇತ್ತು.

ಎರಡನೆಯ ಸಲ ಹವಾಲ್ದಾರ ನನಗೇ ಹೇಳಿದ: "ತಮ್ಮಾ, ಇಟ್ಟು ಹೋಗಿಬಿಡು. ಲಗ್ನ ಕಾಯತೈತಿ." ನಾನು ಅವ್ವನ ಮುಖ ನೋಡಿದೆ. ಅವಳು ಬಂಡಿಯಿಂದ ಇಳಿದು ಬಂದು ನನಗೂ ಅವನಿಗೂ ನಡುವೆ ನಿಂತಳು.

"ಒಬ್ಬ ಮಗನ್ನ ಮಣ್ಣ ಮಾಡೇನ್ರಿ ನಾ. ಇವನ ಕೈಯಾಗಿಂದ ಅದನ್ನ ಬಿಡಸೂದಾದ್ರ ಮದಲ ನನ್ನ ಕುತಗಿಗೆ ಹಾಕ್ರಿ."

ಹವಾಲ್ದಾರ ತಲೆ ಕೆರೆದುಕೊಂಡು ಬೇವಿನ ಗಿಡದ ಕೆಳಗೆ ಹೋದ. ನಾವು ಕೂತೆವು. ಅಷ್ಟರಲ್ಲಿ ಒಬ್ಬ ಹೆಗಲ ಮೇಲೆ ಕೊಡಲಿ ಇಟ್ಟುಕೊಂಡು ಬಿದಿರು ಸರಿಸಿ ಹೋದ. ಇಬ್ಬರು ಹೆಣ್ಣುಮಕ್ಕಳು ಕುಡಗೋಲು ಹಿಡಿದು ಹೋದರು. ನನಗೆ ಸಿಟ್ಟು ನೆತ್ತಿಗೇರಿ, ಇದ್ಯಾವ ನ್ಯಾಯ ಎಂದು ಕೇಳಿದೆ.

"ಕುಡಗೋಲು ಹೊಲದ್ದು, ಕೊಡಲಿ ಕಟಗೀದು. ಕೆಲಸದ ಸಾಮಾನು. ನಿಂದು ಯಾ ಕೆಲಸದ್ದಪಾ?"

ಲಗ್ನ ಮಾಡಿಕೊಳ್ಳುವುದೂ ಒಂದು ಕೆಲಸವೇ ಎಂದು ಹೇಳಬೇಕಿತ್ತು. ಅವ್ವ ಸಂಚಿಯಿಂದ ಅಡಕೊತ್ತು ತೆಗೆದು ಅಡಿಕೆ ಕತ್ತರಿಸುತ್ತ ಕೂತಳು.

ಹನ್ನೊಂದಾಯಿತು. ಅಪ್ಪನ ಸುಳಿವಿಲ್ಲ. ಸಾಹೇಬರು ಬೆಳಗ್ಗೆಯೇ ಮುಂಡರಗಿಯ ಗಡಿಗೆ ಹೋಗಿದ್ದರಂತೆ. ಈಗ ಬರುತ್ತಾರೆ, ಆಗ ಬರುತ್ತಾರೆ ಎಂದು ಅಪ್ಪ ಕಚೇರಿಯ ಬಾಗಿಲಲ್ಲಿ ನಿಂತೇ ಇದ್ದನಂತೆ. ಅಲ್ಲಿಂದ ಬೆಟಗೇರಿ ಕೂಗಳತೆ. ಹೋಗಿ ಒಂದು ಮಾತು ತಿಳಿಸಬಹುದಿತ್ತು. ಆದರೆ ಮಗನಿಲ್ಲದೆ ಬೀಗರ ಬಾಗಿಲು ತುಳಿಯಲು ಅಪ್ಪನಿಗೆ ಮನಸ್ಸಾಗಲಿಲ್ಲ. ಆಮೇಲೆ ಅದನ್ನು ನೆನೆನೆನೆದು ಹಣೆ ಬಡಿದುಕೊಂಡ.

ನೆರಳು ಕಾಲಬುಡಕ್ಕೆ ಬಂತು. ಮೂರನೆಯ ಸಲ ಹವಾಲ್ದಾರ ಬಂದು, ಈ ಸಲ ದನಿ ತಗ್ಗಿಸಿ ಹೇಳಿದ: "ಹೋಗೋ ಮಾರಾಯಾ. ಹುಡುಗಿ ಗತಿ ಏನಾದೀತು?" ನಾನು ಏಳಲಿಲ್ಲ. ಅಣ್ಣನ ಬಾಯಲ್ಲಿ ಬಂದ ನೊರೆ ಕಣ್ಣಿಗೆ ಕಟ್ಟಿತ್ತು. ಆಣೆ ಅವ್ವನದೇ ಆದರೂ ಅಂಜಿಕೆ ನನ್ನದೂ ಆಗಿತ್ತು. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ವರ್ಷ ಬೇಕಾಯಿತು.

ಹನ್ನೆರಡು ಹೊಡೆದು ಬಹಳ ಹೊತ್ತಾದ ಮೇಲೆ ಗದಗಿನ ಕಡೆಯಿಂದ ಸೈಕಲ್ಲಿನವನೊಬ್ಬ ಬಂದ. ನನ್ನ ಬಾಸಿಂಗ ನೋಡಿ ಬ್ರೇಕು ಹಾಕಿದ.

"ಶಿರಹಟ್ಟಿ ವರಾ ನೀನ ಏನು? ನಿನ್ನ ಪೊಲೀಸರು ಒಳಗ ಹಾಕ್ಯಾರಂತ ಬೆಟಗೇರಿ ತುಂಬ ಸುದ್ದಿ ಆಗೇತಿ. ಅಲ್ಲೆ ಬ್ಯಾರೆ ಹುಡುಗನ್ನ ನೋಡಾಕ ಹತ್ಯಾರ!"

ಆಗ ಎದ್ದೆ. ಚೂರಿಯನ್ನು ಹವಾಲ್ದಾರನ ಕಾಲ ಹತ್ತಿರ ಎಸೆದು ಓಡಿದೆ. ಹಿಂದಿನಿಂದ ಅವ್ವ ಚಿಟ್ಟನೆ ಚೀರಿದ್ದು ಕೇಳಿಸಿತು. ತಿರುಗಿ ನೋಡಲಿಲ್ಲ. ಬಾಸಿಂಗ ಎಲ್ಲಿ ಬಿತ್ತೋ, ಚಪ್ಪಲಿ ಎಲ್ಲಿ ಹೋಯಿತೋ. ಅರಿಸಿನದ ಧೋತರ ಕಾಲಿಗೆ ತೊಡರಿ ಎರಡು ಸಲ ಬಿದ್ದೆ. ಬೆಟಗೇರಿಯ ಓಣಿಯಲ್ಲಿ ಮಗ್ಗಗಳು ನಿಂತಿದ್ದವು, ಎಲ್ಲರೂ ಮದುವೆಗೆ ಹೋಗಿದ್ದರು. ಹಂದರದ ಬಾಗಿಲಿಗೆ ಬಂದಾಗ ಅಕ್ಕಿಕಾಳು ನೆಲದ ಮೇಲೆ ಚೆಲ್ಲಿದ್ದವು. ಮುಂಡರಗಿಯಿಂದ ಊಟಕ್ಕೆಂದು ಬಂದಿದ್ದ ಮಗ್ಗದವರ ಹುಡುಗನೊಬ್ಬ ತಲೆಯ ಮೇಲೆ ಬಾಸಿಂಗ ಕಟ್ಟಿಕೊಂಡು ಅವಳ ಪಕ್ಕದಲ್ಲಿ ಕೂತಿದ್ದ. ಅವಳು ತಲೆ ಎತ್ತಲಿಲ್ಲ.

ಮಾವ ಓಡಿಬಂದು ನನ್ನ ರಟ್ಟೆ ಹಿಡಿದುಕೊಂಡ. "ಬಿಟ್ರೇನೋ ನಿನ್ನ? ಯಾವಾಗ ಬಿಟ್ರು?" ಎಂದು ಕೇಳುತ್ತ ಮಗುವಿನ ಹಾಗೆ ಅತ್ತ. ಅರಿಸಿನ ಮೈಯ ಹುಡುಗಿಯನ್ನು ಆ ದಿನ ಮೀರಿ ಕೂರಿಸಿಕೊಳ್ಳುವ ಧೈರ್ಯ ಆ ಕಾಲದ ಯಾವ ತಂದೆಗಿತ್ತು? ಅವನನ್ನು ನಾನು ಬೈಯಲಾರೆ. ಅವನ ಕೈ ಬಿಡಿಸಿಕೊಂಡು ಬಂದ ಹಾದಿಯಲ್ಲೇ ತಿರುಗಿದೆ.

ಚೂರಿಯನ್ನು ಬಿಡಿಸಿಕೊಂಡು ಬರಲು ನಮ್ಮಲ್ಲಿ ಯಾರೂ ಹೋಗಲಿಲ್ಲ. ಅವ್ವ ಒಂದು ವರ್ಷ ನನ್ನನ್ನು ಹಿತ್ತಲಿಗೂ ಒಬ್ಬನನ್ನೇ ಬಿಡಲಿಲ್ಲ, ದಿನ ಎಣಿಸುತ್ತಿದ್ದಳು. ನನಗೆ ಏನೂ ಆಗಲಿಲ್ಲ. ಒಂದು ಜ್ವರವೂ ಬರಲಿಲ್ಲ. ಅದೇ ಸಿಟ್ಟು ನನಗೆ. ಸತ್ತಿದ್ದರೆ ಅವಳ ಮಾತಾದರೂ ಖರೆಯಾಗುತ್ತಿತ್ತು ಎಂದು ಒಮ್ಮೆ ಅವಳ ಮುಖದ ಮೇಲೇ ಅಂದುಬಿಟ್ಟೆ. ಎರಡು ದಿನ ಉಣ್ಣಲಿಲ್ಲ ಅವಳು. ಅಂಥ ಮಾತು ಆಡಿದ ನಾಲಿಗೆ ಇದು.

ಒಮ್ಮೆ ಸೀರೆ ಕೊಡಲು ಗದಗಿನ ವಕೀಲರೊಬ್ಬರ ಮನೆಗೆ ಹೋದಾಗ ಕಾಯದೆ ಕೇಳಿದೆ. ಅವರು ಹುಕುಮಿನ ಅರ್ಥ ಬಿಡಿಸಿ ಹೇಳಿದರು: ಉದ್ದ ಅಲಗು, ರಸ್ತೆ, ಕೆಲಸದ ಕಾರಣ. ಆಮೇಲೆ ಕೇಳಿದರು, "ನಿಮಗ ಬೇಕಾಗಿದ್ದು ಕಬ್ಬಿಣ ಅಷ್ಟ ಹೌದಲ್ಲೋ? ಅಡಕೊತ್ತು ಹಿಡಕೊಂಡು ಹೋಗಿದ್ರ ಯಾರು ತಡೀತಿದ್ರು? ಎಷ್ಟೋ ಮಂದಿ ಅದನ್ನ ಹಿಡೀತಾರ." ಅವ್ವನ ಅಡಕೊತ್ತು ಆ ದಿನ ನನ್ನ ಕೈಯಳತೆಯಲ್ಲೇ ಇತ್ತು. ಅವ್ವನಿಗೆ ಇದನ್ನು ಕಡೆಯವರೆಗೂ ಹೇಳಲಿಲ್ಲ. ಮುಂದೆ ನನ್ನ ಮದುವೆಯಾದಾಗ ಸಂಚಿಯ ಅಡಕೊತ್ತನ್ನೇ ಕೈಯಲ್ಲಿ ಹಿಡಿದೆ. ಅವ್ವ ನೋಡಿದಳು. ಹೆಂಡತಿ ಒಳ್ಳೆಯವಳು, ಅವಳ ಮೇಲೆ ನನ್ನದೊಂದು ದೂರೂ ಇಲ್ಲ.

ಕನ್ನಡ ಸೀಮೆಯೆಲ್ಲ ಒಂದೇ ರಾಜ್ಯವಾದ ಮೇಲೆ ಸೀರೆಯ ಗಂಟು ಕಟ್ಟಿಕೊಂಡು ಮುಂಡರಗಿಯ ಅಂಗಡಿಗಳಿಗೆ ಹೋದೆ. ಹಾದಿಯಲ್ಲಿ ಬಿದಿರಿಲ್ಲ, ಹವಾಲ್ದಾರನಿಲ್ಲ, ಗಂಟಿನಲ್ಲಿ ಏನಿದೆ ಎಂದು ಕೇಳುವವರಿಲ್ಲ. ಅವಳ ಮನೆ ಕೇಳಿಕೊಂಡು ಹೋದೆ. ಗಂಡ ಪೇಟೆಗೆ ಹೋಗಿದ್ದ. ಪಡಸಾಲೆಯಲ್ಲಿ ಅತ್ತೆ ನೂಲು ಸುತ್ತುತ್ತಿದ್ದಳು. ಇವಳು ತಂಬಿಗೆಯಲ್ಲಿ ನೀರು ತಂದಿಟ್ಟು ಕಂಬಕ್ಕೆ ಒರಗಿ ನಿಂತಳು. ಸೆರಗು ಹಿಡಿದುಕೊಂಡು ಒಂದು ಹೆಣ್ಣುಮಗು. ಸೊರಗಿದ್ದಳು, ಆದರೆ ಅದೇ ನಗು. ಅವ್ವನ ಆರೋಗ್ಯ ಕೇಳಿದಳು, ಬೆಟಗೇರಿಯ ಸುದ್ದಿ ಕೇಳಿದಳು. ಅತ್ತೆ ಎದ್ದು ಒಳಗೆ ಹೋದ ಮೇಲೆ ದನಿ ತಗ್ಗಿಸಿದಳು.

"ಖರೇ ಹೇಳ್ಲಿ ಭಾವಾ? ಅವತ್ತ ನಾ ಸುಳ್ಳ ಸುಳ್ಳ ಮೂರ್ಛೆ ಬಿದ್ನಿ. ಮುಖಕ್ಕ ನೀರ ಹೊಡದ್ರು, ಮೂಗಿಗೆ ಉಳ್ಳಾಗಡ್ಡಿ ಹಿಡದ್ರು, ಕಣ್ಣ ತೆರೀಲಿಲ್ಲ. ಮುಹೂರ್ತ ದಾಟ್ತು, ಇನ್ನೊಂದ ಇಟ್ರು. ಆಗೂ ಬಿದ್ನಿ. ಅಪ್ಪ ಕಾಲ ಹಿಡದು ಅಳಾಕ ಹತ್ತಿದ, ಆಗ ಎದ್ನಿ."

"ಎಷ್ಟೊತ್ತು ಬಿದ್ದಿದ್ದಿ?"

"ಎರಡೂ ಸೇರಿ ಒಂದೂವರಿ ತಾಸು ಆಗಿದ್ದೀತು. ಅಷ್ಟೊತ್ತಿಗೆ ನೀ ಬರತಿ ಅಂತ ತಿಳಕೊಂಡಿದ್ನಿ." ಮಗುವಿನ ತಲೆ ಸವರಿದಳು. "ಹೋಗ್ಲಿ ಬಿಡು. ಕೈಗೆ ಬೇಡಿ ಹಾಕಿ ಕುಂಡ್ರಿಸಿದ್ರಂತಲ್ಲ, ನೀ ಆದ್ರೂ ಏನ ಮಾಡ್ತಿದ್ದಿ?"

ನಾಲ್ಕು ಮೈಲಿ. ಒಂದೂವರೆ ತಾಸಿನಲ್ಲಿ ಮುದುಕನೂ ನಡೆದು ಮುಟ್ಟುತ್ತಾನೆ. ನನ್ನ ಕೈಗೆ ಯಾರೂ ಬೇಡಿ ಹಾಕಿರಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೌದು," ಎಂದೆ. "ಬೇಡಿ ಹಾಕಿದ್ರು."